ಕನ್ನಡಕದೊಳಗಿನ ಕುಷ್ಟಗಿ ಬಸ್ಸು

ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ, ಅಂದರೆ ತೊಂಬತ್ತೇಳರಲ್ಲಿ, ನಾನು ಎಂಟನೆಯ ತರಗತಿ ಓದಲು ಕುಷ್ಟಗಿಯ ಕಾಕಾನ ಮನೆಗೆ ಬಂದೆ. ಕುಕನೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಏಳನೆಯದರವರೆಗೆ ಮಾತ್ರ ಶಾಲೆ ಇತ್ತು. ಕಾಕಾ ನನ್ನ ಅಪ್ಪನ ತಮ್ಮ, ಸರಕಾರಿ ಬಸ್ಸಿನ ಡ್ರೈವರ್. ಬೆಳಿಗ್ಗೆ ಖಾಕಿ ಅಂಗಿ ತೊಟ್ಟು ಡಿಪೋಗೆ ಹೋದರೆ ತಾವರಗೇರಾ, ಕನಕಗಿರಿ ದಾಟಿ ಗಂಗಾವತಿಗೆ ಹೋಗಿ, ಮರಳಿ ಬಂದು, ಮತ್ತೆ ಯಲಬುರ್ಗಾಕ್ಕೊಂದು ಟ್ರಿಪ್ ಮುಗಿಸಿಕೊಂಡು ಸಂಜೆ ಮನೆ ಸೇರುತ್ತಿದ್ದ. ಅವನಿಗೂ ಅವನ ಹೆಂಡತಿಗೂ, ಎಂದರೆ ನನ್ನ ಚಿಗವ್ವನಿಗೂ, ಮಕ್ಕಳಿರಲಿಲ್ಲ. ನನ್ನನ್ನು ಇಬ್ಬರೂ ಹೆತ್ತವರಂತೆಯೇ ನೋಡಿಕೊಂಡರು.

ಚಿಗವ್ವನಿಗೆ ಬಸ್ಸು ಆಗಿಬರುತ್ತಿರಲಿಲ್ಲ. ಹತ್ತಿದ ಕಾಲು ಗಂಟೆಗೆ ವಾಂತಿ. ಅವಳ ತವರು ಇರಕಲ್ಲಗಡ. ವರ್ಷಕ್ಕೊಮ್ಮೆ ಹೋಗುವಾಗಲೂ ಮೂಗಿಗೆ ನಿಂಬೆಹಣ್ಣು ಹಿಡಿದು, ಮುಖದ ಮೇಲೆ ಸೆರಗು ಎಳೆದುಕೊಂಡು, ಕಣ್ಣು ಮುಚ್ಚಿ ಕುಳಿತುಬಿಡುತ್ತಿದ್ದಳು. ಊರು ಬಂತು ಎಂದು ಯಾರಾದರೂ ಭುಜ ಮುಟ್ಟಿದ ಮೇಲೆಯೇ ಕಣ್ಣು ತೆರೆಯುವುದು. "ಡ್ರೈವರನ ಹೆಂಡ್ತಿ ಆಗಿ ಬಸ್ಸಿಗಿ ಅಂಜತಾಳ" ಎಂದು ಓಣಿಯವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಆ ವರ್ಷ ಕಾಕಾ ಹೊಸಪೇಟೆಯಿಂದ ಟೀವಿಗೆ ಹಚ್ಚಿ ಆಡುವ ಡಬ್ಬಿಯೊಂದನ್ನು ತಂದ. ಅದರಲ್ಲೊಂದು ಕಾರಿನ ಪಂದ್ಯ ಇತ್ತು. ನಾನು ಗುಂಡಿ ಒತ್ತುತ್ತ ಕುಳಿತರೆ ಕಾಕಾ ಚಹಾದ ಬಟ್ಟಲು ಹಿಡಿದು ಹಿಂದೆ ನಿಂತು ನೋಡುತ್ತಿದ್ದ. ಒಂದು ಸಂಜೆ ಅವನಿಗೆ ತಡೆಯಲಾಗಲಿಲ್ಲ.

"ಇವ ಎಲ್ಲಿಗೆ ಹೊಂಟಾನವಾ?"

"ಎಲ್ಲಿಗೂ ಇಲ್ಲ ಕಾಕಾ. ಮೊದಲನೇ ನಂಬರ್ ಬರಬೇಕಂತ ಹೊಂಟಾನ."

"ಹಾದ್ಯಾಗ ಯಾರೂ ಕೈ ಮಾಡಂಗಿಲ್ಲೇನು?"

"ಇಲ್ಲ."

"ಹತ್ತೋರಿಲ್ಲ, ಇಳಿಯೋರಿಲ್ಲ, ಮತ್ತ ಇಷ್ಟ್ಯಾಕ ಅವಸರ ಇವಂಗ?"

ಆಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಆದರೆ ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು.

ಕೊಪ್ಪಳದಲ್ಲಿ ಪದವಿ ಮುಗಿಸಿದೆ, ಕಂಪ್ಯೂಟರ್ ಡಿಪ್ಲೊಮಾ ಮಾಡಿದೆ, ಗಂಗಾವತಿಯ ತರಬೇತಿ ಕೇಂದ್ರವೊಂದರಲ್ಲಿ ಕಲಿಸಲು ಸೇರಿದೆ. ಮದುವೆಯೂ ಅದೇ ಊರಿಗೆ ಆಯಿತು. ಗಂಡನದು ಫೋಟೋ ಸ್ಟುಡಿಯೋ. ಮದುವೆಯ ಆಲ್ಬಮ್ಮುಗಳಿಗೆ ಚಿತ್ತಾರ ಕೂಡಿಸಿ ಕೂಡಿಸಿ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು ಅವರಿಗೆ ಕೈವಶವಾಗಿತ್ತು. ಕಾಕಾ ನಿವೃತ್ತನಾದ ಮೇಲೆ ಅವನೂ ಚಿಗವ್ವನೂ ನಮ್ಮ ಹಿಂದಿನ ಓಣಿಗೇ ಬಂದು ನೆಲೆಸಿದರು. ಅಷ್ಟರಲ್ಲಿ ಎಲ್ಲರ ಕೈಗೂ ಟಚ್ ಮೊಬೈಲ್ ಬಂದಿತ್ತು. ನಾನು ಪುಕ್ಕಟೆ ಸಿಗುವ ತಂತ್ರಾಂಶ ಇಳಿಸಿಕೊಂಡು ಆಟ ಮಾಡುವುದನ್ನು ಕಲಿತೆ. ಮೊದಲು ಮಾಡಿದ್ದೇ ಬಸ್ಸಿನ ಆಟ.

ಆ ಆಟದಲ್ಲಿ ಪಂದ್ಯವಿಲ್ಲ. ಗಂಗಾವತಿಯಿಂದ ಹೊರಟು ಕುಷ್ಟಗಿ, ಯಲಬುರ್ಗಾ, ಕುಕನೂರು ಸುತ್ತಿ ಕೊಪ್ಪಳ ಮುಟ್ಟಬೇಕು. ಹಾದಿಯಲ್ಲಿ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳಬೇಕು, ಹೇಳಿದಲ್ಲಿ ಇಳಿಸಬೇಕು. ಗಂಡ ಬೈಕ್ ಮೇಲೆ ಹೋಗಿ ಗಂಗಾವತಿಯ ಭತ್ತದ ಗದ್ದೆ, ಬಂಡೆಗುಡ್ಡ, ಯಲಬುರ್ಗಾದ ಕರಿಹೊಲ, ಜೋಳ, ಕ್ರಾಸುಗಳಲ್ಲಿನ ಬೇವಿನ ಮರ ಎಲ್ಲದರ ಫೋಟೋ ತೆಗೆದು ತಂದು ಅವನ್ನೇ ಚಿತ್ರ ಮಾಡಿದರು. ನನ್ನ ವಿದ್ಯಾರ್ಥಿಗಳು ಆಡಿದರು, ಅವರ ಗೆಳೆಯರು ಆಡಿದರು. ಒಮ್ಮೆ ಕೊಪ್ಪಳಕ್ಕೆ ಹೋಗುವಾಗ ಪಕ್ಕದ ಸೀಟಿನ ಹುಡುಗಿ ನಮ್ಮ ಆಟ ಆಡುತ್ತಿದ್ದಳು. ಆಟದಲ್ಲಿ ಯಾರನ್ನೋ ತಾವರಗೇರಾದಲ್ಲಿ ಇಳಿಸುವ ಗಡಿಬಿಡಿಯಲ್ಲಿ ಅವಳು ಇಳಿಯಬೇಕಾದ ಸ್ಟಾಪೇ ದಾಟಿಹೋಯಿತು. ಕಂಡಕ್ಟರ್ ಬಯ್ಯುತ್ತಿದ್ದ, ನಾನು ಕಿಟಕಿಯ ಕಡೆ ಮುಖ ಮಾಡಿ ನಗು ನುಂಗುತ್ತಿದ್ದೆ.

ಆಟದ ಹೆಸರು ದೂರದೂರಿಗೂ ಹಬ್ಬಿತು. ಹೈದರಾಬಾದಿನ ಕಂಪನಿಯೊಂದು ಅದನ್ನು ಕೊಂಡುಕೊಂಡಿತು. ಜನ ಇಷ್ಟಪಟ್ಟ ಮೊಬೈಲ್ ಆಟಗಳನ್ನು ಕೊಂಡು ವಿಆರ್‌ಗೆ ತರುವುದು ಅವರ ಉದ್ಯೋಗ. ವಿಆರ್ ಎಂದರೆ ಕಣ್ಣಿಗೆ ಕಟ್ಟಿಕೊಳ್ಳುವ ದಪ್ಪನೆಯ ಕನ್ನಡಕ. ಕಟ್ಟಿಕೊಂಡರೆ ಹಿಂದೆ, ಮುಂದೆ, ಮೇಲೆ, ಕೆಳಗೆ ಎಲ್ಲಿ ನೋಡಿದರೂ ಆಟದ ಲೋಕವೇ. ಆಟ ಇನ್ನು ಮುಂದೆ ಅವರದು. ಆದರೆ ಅದನ್ನು ಹೊಸದಾಗಿ ಕಟ್ಟುವಾಗ ನಾನೂ ಗಂಡನೂ ಮನೆಯಿಂದಲೇ ಅವರ ಜೊತೆ ಕೆಲಸ ಮಾಡಬೇಕೆಂದು ಒಪ್ಪಂದವಾಯಿತು. ನಮ್ಮನ್ನು ನೋಡಿಕೊಳ್ಳಲು ಮೈಸೂರು ಕಡೆಯ ಮ್ಯಾನೇಜರಮ್ಮ ಒಬ್ಬರಿದ್ದರು. ನನಗಿಂತ ಚಿಕ್ಕವರು, ಚುರುಕು, ಪಟಪಟ ಮಾತು.

ಮೊದಲ ಆವೃತ್ತಿಯ ಜೊತೆಗೆ ಕನ್ನಡಕದ ಪೆಟ್ಟಿಗೆ ಬಂದ ದಿನ ನಮ್ಮ ಪಡಸಾಲೆಯಲ್ಲಿ ಹಬ್ಬ. ಯಾರು ಮೊದಲು ಎಂಬ ಚರ್ಚೆಯಲ್ಲಿ ಚಿಗವ್ವ ಗೆದ್ದಳು.

"ಗಾಣದ ಎತ್ತಿಗಿ ಕಟ್ಟಿದಂಗ ಕಟ್ಟಾಕತ್ತೀಯಲ್ಲ" ಎನ್ನುತ್ತಲೇ ಕುರ್ಚಿಯಲ್ಲಿ ಕುಳಿತಳು. ಬಸ್ಸು ಹೊರಟಿತು. ಒಂದು ನಿಮಿಷವೂ ಆಗಿರಲಿಲ್ಲ, ಕನ್ನಡಕ ಕಿತ್ತು ನನ್ನ ಮಡಿಲಿಗೆ ಹಾಕಿ ಬಚ್ಚಲಿಗೆ ಓಡಿದಳು. ಮುಖ ತೊಳೆದುಕೊಂಡು ಹೊರಬಂದು ಬಾಗಿಲಿಗೆ ಒರಗಿ ನಿಂತು ಹೇಳಿದಳು:

"ಬಸ್ಸು ಇಲ್ದ ವಾಂತಿ ಬರೂ ಹಂಗ ಮಾಡೀರಲ್ಲ, ಭಾಳ ಶಾಣ್ಯಾ ಅದೀರಿ ನೀವು."

ಅವಳೊಬ್ಬಳಿಗೇ ಅಲ್ಲ, ನನಗೂ ತಲೆ ತಿರುಗಿತು, ಗಂಡನಿಗೂ. ಹೈದರಾಬಾದಿನ ಆಫೀಸಿನಲ್ಲೂ ಪರೀಕ್ಷೆಗೆ ಕುಳಿತ ಅರ್ಧದಷ್ಟು ಜನ ನಡುವೆಯೇ ಎದ್ದಿದ್ದರಂತೆ. ಮೊಬೈಲಿನಲ್ಲಿ ನಮ್ಮ ಆಟವನ್ನು ಬಸ್ಸಿನ ಹಿಂದೆ, ಸ್ವಲ್ಪ ಎತ್ತರದಿಂದ ನೋಡುತ್ತಿದ್ದೆವು. ಕಂಪನಿಯವರು ವಿಆರ್‌ನಲ್ಲೂ ಆಟಗಾರನನ್ನು ಅಲ್ಲೇ, ಬಸ್ಸಿಗೆ ಕಟ್ಟಿದ ಗಾಳಿಪಟದಂತೆ ತೇಲಿಸಿದ್ದರು. ಮೊಬೈಲಿನಲ್ಲಿ ಸೊಗಸಾಗಿದ್ದದ್ದು ಇಲ್ಲಿ ಹೊಟ್ಟೆ ತೊಳಸುತ್ತಿತ್ತು. ಕಂಪನಿಯ ಎಂಜಿನಿಯರುಗಳು ಒಂದು ಉಪಾಯ ಸೂಚಿಸಿದರು: ಓಡುವುದೇ ಬೇಡ, ಒಂದು ಸ್ಟಾಪಿನಿಂದ ಇನ್ನೊಂದು ಸ್ಟಾಪಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಸಿಬಿಡೋಣ.

ಕಾಕಾನಿಗೆ ಇದನ್ನು ಹೇಳಿದೆ. ಅವನು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ.

"ಹಾದಿ ಬಿಟ್ಟು ಊರಷ್ಟೇ ತೋರಸ್ತಾರೇನು?" ಎಂದ. ಸುಲಿದ ಕಾಳನ್ನು ಬಾಯಿಗೆ ಹಾಕಿಕೊಂಡು ಮಾತು ಮುಂದುವರಿಸಿದ. "ಮೂವತ್ತು ವರ್ಷ ಬಸ್ಸು ಓಡಿಸೀನಿ. ಹಿಂದ ಕುಂತೋರು ಎಷ್ಟು ಮಂದಿ ವಾಂತಿ ಮಾಡ್ಯಾರ. ನಾ ಒಂದಿನಾನೂ ಮಾಡಿಲ್ಲ. ಯಾಕ ಹೇಳು?"

"ರೂಢಿ ಇರತೈತಿ."

"ರೂಢಿ ಅಲ್ಲವಾ. ತಿರುವು ಬರೂದು ನನ್ನ ಕೈಗೆ ಮೊದಲ ಗೊತ್ತಿರತೈತಿ, ಆಮ್ಯಾಲ ಹೊಟ್ಟಿಗಿ ಗೊತ್ತಾಗತೈತಿ. ಹಿಂದ ಕುಂತಾವಂಗ ಸೀದಾ ಹೊಟ್ಟಿಗೇ ಗೊತ್ತಾಗತೈತಿ. ನಿಮ್ಮ ಕಂಪನ್ಯಾರು ಅವನ್ನ ಹಿಂದಿನ ಸೀಟಿನ್ಯಾಗೂ ಕುಂದ್ರಿಸಿಲ್ಲ, ಟಾಪಿನ ಮ್ಯಾಲ ಗಾಳ್ಯಾಗ ಬಿಟ್ಟಾರ. ಒಳಗ ಕರ್ಕೊಂಡು ಬರ್ರಿ ಅವನ್ನ."

ನಾನು ಅಂದೇ ಕುಳಿತು ಆಟಗಾರನನ್ನು ಡ್ರೈವರನ ಸೀಟಿಗೆ ತಂದೆ. ಸುತ್ತಲೂ ಬಸ್ಸಿನ ಮುಂಭಾಗ ಕಟ್ಟಿದೆವು. ಅಗಲವಾದ ಗಾಜು, ನಡುವಿನ ಕಂಬ, ಎಡಕ್ಕೆ ಎಂಜಿನ್ ಮೇಲಿನ ಮುಚ್ಚಳ, ಕನ್ನಡಿ, ಕೈಯಲ್ಲಿ ಸ್ಟೇರಿಂಗು. ಹೊರಗಿನದೆಲ್ಲ ಓಡಿದರೂ ಇವಿಷ್ಟು ಅಲ್ಲಾಡದೆ ಕಣ್ಣೆದುರು ನಿಂತಿರುತ್ತಿದ್ದವು. ತಲೆ ತಿರುಗುವುದು ಅರ್ಧಕ್ಕರ್ಧ ಇಳಿಯಿತು. ಉಳಿದರ್ಧ ಬ್ರೇಕಿನಲ್ಲಿತ್ತು. ನಮ್ಮ ಆಟದ ಬಸ್ಸು ಗಕ್ಕೆಂದು ನಿಲ್ಲುತ್ತಿತ್ತು.

ಅದಕ್ಕಾಗಿ ಕಾಕಾ ನನ್ನನ್ನು ನಿಜವಾದ ಬಸ್ಸಿಗೇ ಕರೆದೊಯ್ದ. ಡ್ರೈವರ್ ಅವನ ಕೈಕೆಳಗೆ ಪಳಗಿದವನು, "ಬರ್ರಿ ಗುರುಗಳ" ಎಂದು ಮುಂದಿನ ಸೀಟು ಬಿಡಿಸಿಕೊಟ್ಟ. ಗಂಗಾವತಿಯಿಂದ ಕನಕಗಿರಿಯವರೆಗೆ ಕಾಕಾ ಪಾಠ ಮಾಡಿದ. ಹಿಂದೆ ಸಂತೆಯ ದಿನ ಮೊಸರು ಮಾರುವ ಹೆಂಗಸರು ಹತ್ತಿ, ಗಡಿಗೆಗಳನ್ನು ಅವನ ಪಕ್ಕದಲ್ಲೇ ಇಡುತ್ತಿದ್ದರಂತೆ.

"ಗಡಿಗಿ ಮ್ಯಾಲ ಒಂದು ಕಣ್ಣು ಇರತಿತ್ತು ನಂದು. ಮೊಸರು ತುಳುಕಿತಂದ್ರ ನಂದ ತಪ್ಪು. ಹಂಪು ದೂರ ಇದ್ದಾಗ ಕಾಲು ತಗೀಬೇಕು, ಹತ್ರ ಬಂದಾಗ ಬ್ರೇಕು ಒತ್ತಬೇಕು, ನಿಲ್ಲೂ ಮುಂದ ಮತ್ತ ತುಸು ಬಿಡಬೇಕು. ಆ ಬಿಡೂದು ಯಾರೂ ಕಲಿಸಂಗಿಲ್ಲ."

ನಾನು ಮೊಬೈಲಿನ ಗಡಿಯಾರ ಹಿಡಿದು, ಎಷ್ಟು ಹೊತ್ತು ಒತ್ತಬೇಕು, ಯಾವಾಗ ಬಿಡಬೇಕು ಎಂಬ ಅವನ ಅಂದಾಜನ್ನು ಬರೆದುಕೊಂಡೆ. ಮನೆಗೆ ಬಂದು ಆಟದ ಬ್ರೇಕನ್ನು ಹಾಗೇ ತಿದ್ದಿದೆ. ಗಂಡನಿಗೆ ಇನ್ನೊಂದು ಹೊಳೆಯಿತು. ಎಂಜಿನ್ ಮುಚ್ಚಳದ ಮೇಲೆ ನಿಜವಾಗಿಯೇ ಒಂದು ಮೊಸರಿನ ಗಡಿಗೆ ಕೂರಿಸಿದರು. ಚೆನ್ನಾಗಿ ಓಡಿಸಿದರೆ ಗಡಿಗೆಯ ಒಡತಿ ಇಳಿಯುವಾಗ ಹರಸುತ್ತಾಳೆ, ತುಳುಕಿಸಿದರೆ ಊರು ಮುಟ್ಟುವವರೆಗೂ ಬಯ್ಯುತ್ತಾಳೆ. ಬೈಗುಳ ಬರೆದುಕೊಟ್ಟವಳು ಚಿಗವ್ವ. ಅದರಲ್ಲಿ ಅರ್ಧವನ್ನು ನಾವು ಅಳಿಸಬೇಕಾಯಿತು.

ಕಂಪನಿಗೆ ಗಡಿಗೆ ಬಹಳ ಹಿಡಿಸಿತು. ಹಿಡಿಸದೇ ಇದ್ದದ್ದು ಊರುಗಳು.

"ಹೊರದೇಶದ ಆಟಗಾರರಿಗೆ ಕುಷ್ಟಗಿ, ಯಲಬುರ್ಗಾ ಗೊತ್ತಾಗಲ್ಲ. ಯಾವುದಾದರೂ ಸಮುದ್ರ ತೀರದ ರಸ್ತೆ ಮಾಡೋಣ ಅಂತ ಮೇಲಿನವರು ಹೇಳ್ತಿದ್ದಾರೆ" ಎಂದರು ಮ್ಯಾನೇಜರಮ್ಮ, ಫೋನಿನಲ್ಲಿ. ಡ್ರೈವರನ ಧ್ವನಿಗೂ ಕಲಾವಿದರೊಬ್ಬರಿಂದ ಮಾತಾಡಿಸಿ ಕಳಿಸಿದ್ದರು. "ದಯವಿಟ್ಟು ಒಳಗೆ ಬನ್ನಿ, ಹಿಂದೆ ಸ್ಥಳಾವಕಾಶವಿದೆ" ಎನ್ನುತ್ತಿತ್ತು ಆ ಧ್ವನಿ.

ಚಿಗವ್ವ ಕೇಳಿ, "ಇವ ಯಾವ ಡಿಪೋದಾವ?" ಎಂದಳು.

ನನಗೆ ಸಿಟ್ಟು ಬಂದಿತ್ತು. ಆದರೆ ಆಟ ನನ್ನದಲ್ಲ, ಮಾರಿಯಾಗಿತ್ತು. ಜಗಳವಾಡುವ ಬದಲು ಮ್ಯಾನೇಜರಮ್ಮನಿಗೆ ಒಂದೇ ಮಾತು ಹೇಳಿದೆ: ಬದಲಿಸುವ ಮೊದಲು ಒಮ್ಮೆ ಬಂದು ಹಾದಿ ನೋಡಿಕೊಂಡು ಹೋಗಿ. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಮುಂದಿನ ವಾರವೇ ಬಂದಿಳಿದರು.

ನಾನು, ಕಾಕಾ, ಅವರು ಮೂವರೂ ಬೆಳಿಗ್ಗೆ ಗಂಗಾವತಿಯಲ್ಲಿ ಬಸ್ಸು ಹತ್ತಿದೆವು. ಕನಕಗಿರಿ ದಾಟುವವರೆಗೆ ಅವರು ಲ್ಯಾಪ್‌ಟಾಪಿನಲ್ಲಿ ಏನೋ ಬರೆಯುತ್ತಿದ್ದರು. ತಾವರಗೇರಾ ಬರುವಷ್ಟರಲ್ಲಿ ಅವರ ಮುಖ ಬಿಳಿಚಿತ್ತು. ಕಾಕಾ ಕಂಡಕ್ಟರನಿಗೆ ಕೂಗಿ ಬಸ್ಸು ನಿಲ್ಲಿಸಿದ. ಅವರು ಇಳಿದು ಬೇವಿನ ಮರದ ಬುಡದಲ್ಲಿ ವಾಂತಿ ಮಾಡಿಕೊಂಡರು. ನಾನು ಬೆನ್ನು ಸವರಿದೆ. ನಾವು ಹೊರಡುವಾಗ ಯಾವುದಕ್ಕೂ ಇರಲಿ ಎಂದು ಚಿಗವ್ವ ನನ್ನ ಚೀಲಕ್ಕೆ ಹಾಕಿದ್ದ ನಿಂಬೆಹಣ್ಣು ಕೊಟ್ಟೆ.

ಬಸ್ಸಿನ ತುಂಬ ಜನ ಕಾಯುತ್ತಿದ್ದರು. ಒಬ್ಬರೂ ಗೊಣಗಲಿಲ್ಲ. ಮುಂದೆ ಕುಳಿತಿದ್ದ ಅಜ್ಜಿಯೊಬ್ಬಳು ತನ್ನ ಜಾಗ ಬಿಟ್ಟು ಎದ್ದಳು. "ಇಲ್ಲಿ ಕುಂದ್ರು ಬಾ ಮಗಳ. ಕೆಳಗ ನೋಡಬ್ಯಾಡ, ದೂರ ನೋಡು. ದೂರ ನೋಡಿದ್ರ ಏನೂ ಆಗಂಗಿಲ್ಲ."

ಮ್ಯಾನೇಜರಮ್ಮ ಲ್ಯಾಪ್‌ಟಾಪ್ ಮುಚ್ಚಿಟ್ಟು ದೂರ ನೋಡುತ್ತ ಕುಳಿತರು. ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಯಲಬುರ್ಗಾದ ಹಾದಿ ಹಿಡಿದೆವು. ಕಡಲೆ ಹೊಲದ ನಡುವೆ ಕೈ ಮಾಡಿದ ಒಬ್ಬಾತನಿಗಾಗಿ ಬಸ್ಸು ನಿಂತಿತು. ಅವನು ಹತ್ತದೆ, "ನಮ್ಮಾಕಿ ಈ ಬಸ್ಸಿನ್ಯಾಗ ಬಂದಾಳೇನ್ರಿ?" ಎಂದು ಕೇಳಿ, ಇಲ್ಲ ಎಂದ ಮೇಲೆ, "ಹಂಗಾರ ಹೋಗ್ರಿ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಮ್ಯಾನೇಜರಮ್ಮನೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. "ಇವರನ್ನು ಆಟದಲ್ಲಿ ಹಾಕಲೇಬೇಕು" ಎಂದರು.

ಅವರು ಹಿಂದಿರುಗಿ ಮೇಲಿನವರಿಗೆ ಏನು ಹೇಳಿದರೋ ತಿಳಿಯದು. ಊರುಗಳು ಉಳಿದವು. ಬೋರ್ಡುಗಳು ಕನ್ನಡದಲ್ಲೇ ಉಳಿದವು. ಧ್ವನಿ ಮಾತ್ರ ಹೊಸದಾಗಿ ಮಾಡಿ ಕಳಿಸಿ, ಖರ್ಚಿಲ್ಲದೆ ಆಗಬೇಕು ಎಂದರು.

ಧ್ವನಿಗೆ ಕಾಕಾನಿಗಿಂತ ಬೇರೆ ಯಾರು? ಸ್ಟುಡಿಯೋದ ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಚಿಗವ್ವ ಹೊಲಿದ ಕೌದಿಗಳನ್ನು ತೂಗುಹಾಕಿ ಸದ್ದು ತಡೆದೆವು. ಕಾಕಾ ಮೈಕಿನ ಮುಂದೆ ನಿಂತ. ಮಾತೇ ಹೊರಡಲಿಲ್ಲ. ಹಾಳೆ ನೋಡಿ ಓದಿದರೆ ಶಾಲೆಯ ಪ್ರಾರ್ಥನೆಯಂತಾಗುತ್ತಿತ್ತು.

"ಕೈಯಾಗ ಏನರೆ ಇರಬೇಕವಾ. ಕೈ ಖಾಲಿ ಇದ್ರ ಬಾಯಿ ಬರಂಗಿಲ್ಲ" ಎಂದ.

ಚಿಗವ್ವ ಅಡುಗೆಮನೆಗೆ ಹೋಗಿ ಹಿಟ್ಟು ನಾದುವ ದೊಡ್ಡ ಪರಾತ ತಂದು ಅವನ ಕೈಗೆ ಕೊಟ್ಟಳು. ಕಾಕಾ ಕುರ್ಚಿಯಲ್ಲಿ ಕುಳಿತು, ಪರಾತವನ್ನು ಎದೆಮಟ್ಟದಲ್ಲಿ ಹಿಡಿದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸಿದ. ಆಮೇಲೆ ತಡೆಯುವವರಿಲ್ಲ. "ಒಳಗ ನಡೀರಿ, ಬಾಗಲದಾಗ ಜೋತು ಬೀಳಬ್ಯಾಡ್ರಿ! ಯಮ್ಮಾ, ಗಡಿಗಿ ಹಿಡಕೋ, ತಿರುವು ಐತಿ ಮುಂದ! ಯಾರದಪಾ ಅದು ಕುರಿ? ಕುರಿಗೆ ಅರ್ಧಾ ಟಿಕೇಟು!" ಗಂಡ ಧ್ವನಿಮುದ್ರಣ ನಿಲ್ಲಿಸದೆ ನಗು ತಡೆಯಲು ಕೌದಿಯೊಳಗೆ ಮುಖ ಹುದುಗಿಸಿಕೊಂಡಿದ್ದರು.

ಈ ಧ್ವನಿಯಿಂದ ಒಂದು ಲಾಭವೂ ಆಯಿತು. ಅಷ್ಟರಲ್ಲಿ ಆಟವನ್ನು ಇಬ್ಬರು ಕೂಡಿ ಆಡುವಂತೆಯೂ ಮಾಡಿದ್ದೆವು, ಒಬ್ಬರು ಓಡಿಸಿದರೆ ಇನ್ನೊಬ್ಬರು ಹಿಂದೆ ಪ್ರಯಾಣಿಕರಾಗಿ ಕೂರಬಹುದಿತ್ತು. ತಿರುವಿಗೆ ಮೊದಲೇ ಡ್ರೈವರ್ ಕೂಗಿ ಹೇಳುವುದರಿಂದ ಪ್ರಯಾಣಿಕರ ಸೀಟಿನಲ್ಲಿ ಕುಳಿತು ಆಡುವವರಿಗೂ ತಲೆ ತಿರುಗುವುದು ನಿಂತಿತು. ಹೊಟ್ಟೆಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು.

ಕೊನೆಯ ಆವೃತ್ತಿ ಸಿದ್ಧವಾದಾಗ ಒಂದು ಭಾನುವಾರ ಮಧ್ಯಾಹ್ನ ಕನ್ನಡಕವನ್ನು ಮತ್ತೆ ಚಿಗವ್ವನಿಗೆ ಕಟ್ಟಿದೆ. ಪಕ್ಕದಲ್ಲಿ ಬಕೆಟ್ಟೂ ಇಟ್ಟೆ. ಡ್ರೈವರನ ಹಿಂದಿನ ಸೀಟಿನಲ್ಲಿ ಅವಳು. ಕಾಕಾ, ಕಂಪನಿ ಆಮೇಲೆ ಕಳಿಸಿದ್ದ ಇನ್ನೊಂದು ಕನ್ನಡಕ ಕಟ್ಟಿಕೊಂಡು ಸ್ಟೇರಿಂಗ್ ಹಿಡಿದ.

ಮೊದಮೊದಲು ಚಿಗವ್ವ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದಳು. ಬಸ್ಸು ಗದ್ದೆಗಳ ನಡುವೆ ಸಾಗಿತು. ಕನಕಗಿರಿಯಲ್ಲಿ ಯಾರೋ ಹತ್ತಿದರು. ಅವಳ ಬೆರಳುಗಳು ಸಡಿಲಾದವು. ತಲೆ ಅತ್ತಿತ್ತ ತಿರುಗಿಸಿ ಕಿಟಕಿಯಾಚೆ ನೋಡತೊಡಗಿದಳು. ಆಮೇಲೆ ಹಾದಿ ನೋಡುವುದನ್ನು ಬಿಟ್ಟು ಮುಂದಿನ ಸೀಟಿನತ್ತಲೇ ಮುಖ ಮಾಡಿ ಕುಳಿತಳು. ಆಟದ ಡ್ರೈವರನಿಗೆ ಗಂಡ ಕಾಕಾನ ಬೆನ್ನನ್ನೇ ಬರೆದಿದ್ದರು, ಕುತ್ತಿಗೆಯ ಹಿಂದೆ ಮಡಚಿಟ್ಟ ಕರವಸ್ತ್ರದ ಸಮೇತ.

ಕುಷ್ಟಗಿ ಬಂತು. ಗಡಿಗೆಯ ಮೊಸರು ಒಂದು ಹನಿಯೂ ತುಳುಕಿರಲಿಲ್ಲ. ಚಿಗವ್ವ ಕನ್ನಡಕ ತೆಗೆಯಲಿಲ್ಲ. ಹಾಗೇ ಕುಳಿತು ಕೇಳಿದಳು:

"ಇಷ್ಟು ಛಲೋ ಓಡಸ್ತಿದ್ರೇನ್ರಿ ನೀವು?"

ಮೂವತ್ತು ವರ್ಷ ಕಾಕಾ ಬಸ್ಸು ಓಡಿಸಿದ್ದನ್ನು ಅವಳು ಒಮ್ಮೆಯೂ ಕಣ್ಣು ತೆರೆದು ನೋಡಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಅವನು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಅದರ ಗಾಜು ಒರೆಸಿ, "ಯಲಬುರ್ಗಾಕ್ಕ ಬರ್ತೀಯೇನು?" ಎಂದು ಕೇಳಿದ. ಬರುತ್ತೇನೆ ಎಂದಳು. ಅವರಿಬ್ಬರನ್ನೂ ಅಲ್ಲೇ ಬಿಟ್ಟು ನಾವು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆವು.

ಆಟ ಬಿಡುಗಡೆಯಾಯಿತು. ಎಲ್ಲೆಲ್ಲಿಯವರೋ ಆಡಿದರು. ಎಂದೂ ನಮ್ಮ ಕಡೆ ಬಾರದವರು ಕುಕನೂರಿನ ಹೆಸರನ್ನು ತಮಗೆ ತಿಳಿದಂತೆ ಉಚ್ಚರಿಸುವ ವಿಡಿಯೋಗಳನ್ನು ಮ್ಯಾನೇಜರಮ್ಮ ಕಳಿಸುತ್ತಿದ್ದರು. ಹೆಂಡತಿಗಾಗಿ ಬಸ್ಸು ನಿಲ್ಲಿಸುವ ಆ ಮನುಷ್ಯ ಎಲ್ಲರಿಗೂ ಅಚ್ಚುಮೆಚ್ಚಾದ. ಎರಡು ವರ್ಷ ಹೀಗೆ ಕಳೆಯಿತು. ಆಮೇಲೆ ಆ ಕಂಪನಿಯನ್ನು ಇನ್ನೂ ದೊಡ್ಡ ಕಂಪನಿಯೊಂದು ಕೊಂಡಿತು. ಹೊಸ ಒಡೆಯರು ತಮಗೆ ಬೇಡವಾದ ಆಟಗಳ ಪಟ್ಟಿ ಮಾಡಿದರು, ಅದರಲ್ಲಿ ನಮ್ಮದೂ ಇತ್ತು. ಒಂದು ಬೆಳಿಗ್ಗೆ ಹುಡುಕಿದರೆ ಆಟ ಎಲ್ಲೂ ಸಿಗಲಿಲ್ಲ. ಮ್ಯಾನೇಜರಮ್ಮ ಫೋನ್ ಮಾಡಿ ಅತ್ತರು. ಅವರೂ ಕೆಲಸ ಬಿಟ್ಟಿದ್ದರು. ನನಗೆ ಅಳು ಬರಲಿಲ್ಲ, ಆದರೆ ಆ ವಾರವೆಲ್ಲ ಕಂಪ್ಯೂಟರ್ ಹಚ್ಚಲು ಮನಸ್ಸಾಗಲಿಲ್ಲ.

ನಮ್ಮ ಮನೆಯ ಎರಡು ಕನ್ನಡಕಗಳಲ್ಲಿ ಮಾತ್ರ ಆಟ ಉಳಿದಿದೆ. ಅವಕ್ಕೆ ನಾನು ಇಂಟರ್ನೆಟ್ ತಾಗಿಸುವುದಿಲ್ಲ. ಭಾನುವಾರ ಓಣಿಯ ಹೆಂಗಸರು ಬರುತ್ತಾರೆ, ಯಾರು ಮೊದಲು ಯಾರು ಆಮೇಲೆ ಎಂಬುದನ್ನು ಚಿಗವ್ವ ತೀರ್ಮಾನಿಸುತ್ತಾಳೆ. ಅವರಲ್ಲೊಬ್ಬಾಕೆ ಅಳವಂಡಿಯವಳು. ತನ್ನ ತವರಿನ ಹಾದಿ ಇದರಲ್ಲಿ ಇಲ್ಲವೆಂದು ಪ್ರತಿ ಸಲ ಮುನಿಸು.

"ಅಳವಂಡಿ ರೂಟು ಯಾವಾಗ ಹಾಕ್ತಿ?" ಎಂದು ಚಿಗವ್ವ ಒಂದು ದಿನ ನನ್ನನ್ನು ಹಿಡಿದು ಕೇಳಿದಳು.

"ಆಟ ನಮ್ಮದಲ್ಲ ಚಿಗವ್ವ. ಇನ್ನೊಂದು ಬಸ್ಸಿನ ಆಟ ಮಾಡಂಗಿಲ್ಲಂತ ಸಹಿ ಹಾಕೀವಿ."

ಗಂಡ ಹಳೆಯ ಒಪ್ಪಂದದ ಹಾಳೆ ತೆಗೆದು ಓದಿದರು. ಬಸ್ಸು ಎಂದು ನಾಲ್ಕು ಕಡೆ ಇತ್ತು. ಬೇರೆ ಗಾಡಿಯ ಸುದ್ದಿ ಎಲ್ಲೂ ಇರಲಿಲ್ಲ. "ಹಳ್ಳಿಗಿ ಟಂಟಂ ಹೋಗತಾವಲ್ಲ?" ಎಂದರು.

ಕಾಕಾನ ಮುಖ ಕೆಂಪಾಯಿತು. ಬಸ್ಸಿನ ಮುಂದೆ ಮುಂದೆ ಓಡಿ, ಸ್ಟಾಪಿನಲ್ಲಿ ಕಾದು ನಿಂತ ಮಂದಿಯನ್ನೆಲ್ಲ ತುಂಬಿಕೊಂಡು ಹೋಗುವ ಮೂರು ಗಾಲಿಯ ಆ ಗಾಡಿಗಳ ಮೇಲೆ ಅವನಿಗೆ ಡ್ರೈವರಿಕೆಯ ಉದ್ದಕ್ಕೂ ಕೋಪ. "ಟಂಟಂಗೆ ನಾ ದನಿ ಕೊಡಂಗಿಲ್ಲ" ಎಂದು ಎದ್ದು ಹೋದ. ಮೂರು ದಿನ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ನಾಲ್ಕನೆಯ ದಿನ ನಾನು ಕೆಲಸ ಶುರು ಮಾಡಿದ್ದೆ. ಕಾಕಾ ಬಂದು ಹಿಂದೆ ನಿಂತು ಬಹಳ ಹೊತ್ತು ಪರದೆ ನೋಡಿದ.

"ಎಂಟು ಮಂದಿ ಕುಂದ್ರಿಸೀಯಲ್ಲ" ಎಂದ. "ಹದಿನೈದರ ಮ್ಯಾಲ ಇರತಾರ ಅದರಾಗ. ಡ್ರೈವರನ ತೊಡಿ ಮ್ಯಾಲ ಒಬ್ಬಾವ. ತುಸು ಅತ್ತಾಗ ಸರಿ, ಹೇಳತೀನಿ."